ಧೂಳು ಕೂರದ ಜಾಗ

"ಮುಟ್ಟಬೇಡಿ ಮೇಡಂ. ಅದು ಸಾಕ್ಷಿ."

ಮುಟ್ಟುವ ಉದ್ದೇಶ ನನಗೂ ಇರಲಿಲ್ಲ. ಆದರೆ ಐವತ್ತು ದಾಟಿದ ಹೆಂಗಸು ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತ ಮೇಲೆ ಏಳಬೇಕಾದರೆ ಏನನ್ನಾದರೂ ಹಿಡಿಯಲೇಬೇಕು. ಹೆಡ್ ಕಾನ್‌ಸ್ಟೇಬಲ್ ತಮ್ಮ ಮೊಣಕೈ ಚಾಚಿದರು. ಹಿಡಿದು ಎದ್ದೆ, ಸೊಂಟ ನೇರ ಮಾಡಿಕೊಂಡೆ, ಮತ್ತೆ ಕೂತೆ. ಆ ಹಿಂದಿನ ಬಂಪರ್ ನನ್ನನ್ನು ಬಿಡುತ್ತಿರಲಿಲ್ಲ.

ಈ ಹೆಡ್ ಕಾನ್‌ಸ್ಟೇಬಲ್‌ರನ್ನು ಊರೆಲ್ಲ ಕರೆಯುವುದು ರಸೀದಿ ಮಾವ ಎಂದು. ಮಗಳ ಮದುವೆಯಾದ ವಾರದಲ್ಲೇ, ಊಟಕ್ಕೆಂದು ಬರುತ್ತಿದ್ದ ಅಳಿಯನನ್ನು ಠಾಣೆಯ ಮುಂದೆ ನಿಲ್ಲಿಸಿ ದಂಡದ ರಸೀದಿ ಹರಿದುಕೊಟ್ಟವರು. ಅಳಿಯ ಇವತ್ತಿಗೂ ಮಾವನ ಮನೆಗೆ ನಡೆದುಕೊಂಡೇ ಬರುತ್ತಾನಂತೆ.

ಅವರ ಪ್ರಕಾರ ಈ ಕಾರಿನಲ್ಲಿ ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ಸೋಮವಾರ ಮಧ್ಯಾಹ್ನ ಇಟ್ಟಿಗೆ ಗೂಡಿನ ರಸ್ತೆಯಲ್ಲಿ ಸೈಕಲ್ ಮೇಲೆ ಟಪಾಲು ಹಂಚುತ್ತಿದ್ದ ಅಂಚೆಯ ಹೆಂಗಸಿಗೆ ಒಂದು ಬಿಳಿ ಕಾರು ಗುದ್ದಿ ನಿಲ್ಲಿಸದೆ ಹೋಗಿತ್ತು. ಆ ಕಾರಿಗೆ ನಂಬರ್ ಪ್ಲೇಟ್ ಇರಲಿಲ್ಲ ಎಂದು ಗೂಡಿನ ಮೇಸ್ತ್ರಿ ಹೇಳಿದ್ದ. ಅದೇ ಸಂಜೆ ನಂಬರ್ ಪ್ಲೇಟ್ ಇಲ್ಲದ ಬಿಳಿ ಕಾರಿನಲ್ಲಿ ಬೋರ್ಡು ಬರೆಯುವ ಬೋರ್ಡಣ್ಣ ಸಿಕ್ಕಿದ. ಸಿಕ್ಕವನು "ನಾನೇ ಗುದ್ದಿದ್ದು" ಎಂದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿಗೆ ಠಾಣೆಗಳಲ್ಲಿ ಕೊರತೆಯಿಲ್ಲ. ಕಟ್ಟಿಬಿಟ್ಟಿದ್ದರು.

ಪೊಲೀಸ್ ಕಸ್ಟಡಿ ಮುಗಿದು ನಾಳೆ ಬೆಳಿಗ್ಗೆ ಅವನನ್ನು ಮತ್ತೆ ಜಡ್ಜ್ ಮುಂದೆ ನಿಲ್ಲಿಸುತ್ತಾರೆ. ಅಲ್ಲೂ ಇದನ್ನೇ ಹೇಳಿದನೆಂದರೆ ಉಳಿದ ಆಯುಸ್ಸಿನ ದೊಡ್ಡ ಭಾಗ ಜೈಲಿನಲ್ಲಿ. ಅವನ ತಂಗಿ ಪತ್ತೇದಾರಿಕೆ ಮಾಡುವ ನನ್ನ ಹತ್ತಿರ ಬಂದದ್ದು ಅದನ್ನು ತಪ್ಪಿಸಲಿಕ್ಕೆ.

ಬರೀ ಪ್ಲೇಟ್ ಇಲ್ಲದೆ ಓಡಿಸಿದ್ದಕ್ಕೆ ಏನು ಶಿಕ್ಷೆ ಎಂದು ರಸೀದಿ ಮಾವನನ್ನು ಕೇಳಿದೆ. ಅವರು ಬೆರಳು ಮಡಚುತ್ತಾ ಪಾಠ ಒಪ್ಪಿಸಿದರು. ಮೊದಲ ಸಲ ದಂಡ. ಎರಡನೇ ಸಲ ಅದಕ್ಕಿಂತ ದೊಡ್ಡ ದಂಡ, ಗಾಡಿಯೂ ಜಪ್ತಿ. ಬೇಕೆಂದೇ ಬಿಚ್ಚಿಟ್ಟು ಓಡಿಸಿದ್ದೆಂದು ರುಜುವಾತಾದರೆ ದಂಡದ ಮಾತು ಬಿಡಿ, ಕೇಸು. ಹಾಗೆ ಓಡಿಸುವಾಗ ಯಾರಿಗಾದರೂ ಪೆಟ್ಟಾದರೆ ವಿಮೆಯವರು ಕೈ ಎತ್ತುತ್ತಾರೆ, ಗುರುತು ಮುಚ್ಚಿಡಲಿಕ್ಕೇ ಬಿಚ್ಚಿದ್ದೆಂದು ಜಡ್ಜ್ ನಂಬುತ್ತಾರೆ. ಇನ್ನು ಬೇರೆಯವರ ನಂಬರನ್ನು ತನ್ನ ಗಾಡಿಗೆ ಹಾಕಿಕೊಂಡರಂತೂ ಮೋಸ, ನೇರ ಜೈಲು.

"ಆ ಕೊನೇದು ನಮಗೆ ಬೇಡ ಬಿಡಿ ಸಾರ್" ಅಂದೆ.

"ಯಾವುದು ಯಾವಾಗ ಬೇಕಾಗುತ್ತೋ ಯಾರಿಗೆ ಗೊತ್ತು" ಅಂದರು ರಸೀದಿ ಮಾವ. ಅವರು ತಮಾಷೆ ಮಾಡುವವರಲ್ಲ.

ಕಾರಿನ ಬೆನ್ನೆಲ್ಲ ಕೆಂಪು ಧೂಳು. ಇಟ್ಟಿಗೆ ಗೂಡಿನ ರಸ್ತೆಯದೇ; ಊರಿನಲ್ಲಿ ಬೇರೆಲ್ಲೂ ಅಂಥ ಬಣ್ಣದ ಮಣ್ಣಿಲ್ಲ. ಸೋಮವಾರ ಸಂಜೆ ಜಪ್ತಿ ಮಾಡಿದ ಕೂಡಲೇ ಪ್ಲಾಸ್ಟಿಕ್ ಹೊದಿಸಿದ್ದರು, ಹಾಗಾಗಿ ಹೊಸ ಧೂಳು ಬಿದ್ದಿರಲಿಲ್ಲ, ಹಳೆಯದು ಹಾರಿರಲಿಲ್ಲ. ಡಿಕ್ಕಿಯ ಬಾಗಿಲು, ಬಂಪರು, ದೀಪದ ಗಾಜು, ಎಲ್ಲದರ ಮೇಲೂ ಒಂದೇ ಸಮ ಕೆಂಪು. ನಡುವೆ ಪ್ಲೇಟ್ ಇರಬೇಕಾದ ಉದ್ದನೆಯ ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು.

ಅದನ್ನು ನೋಡುತ್ತಾ ನನಗೆ ಕಾಲು ಜೋಮು ಹಿಡಿದದ್ದೂ ಮರೆತುಹೋಯಿತು.

"ಸಾರ್, ಮೇಸ್ತ್ರಿ ನೋಡಿದ ಕಾರಿಗೆ ಗುದ್ದುವಾಗಲೇ ಪ್ಲೇಟ್ ಇರಲಿಲ್ಲ, ಅಲ್ವಾ?"

"ಹಾಗಂತ ಬರೆಸಿದ್ದಾನೆ."

"ಹಾಗಾದ್ರೆ ಧೂಳು ಈ ಜಾಗದಲ್ಲೂ ಕೂತಿರಬೇಕಿತ್ತು. ಕೂತಿಲ್ಲ. ಈ ಕಾರು ಆ ರಸ್ತೆಗೆ ಹೋದಾಗ ಮೈಮೇಲೆ ಪ್ಲೇಟ್ ಇತ್ತು. ಧೂಳು ಕೂತ ಮೇಲೆ ಯಾರೋ ಬಿಚ್ಚಿದ್ದಾರೆ."

ರಸೀದಿ ಮಾವ ಬಗ್ಗಿ ನೋಡಿದರು. ತುಂಬಾ ಹೊತ್ತು ನೋಡಿದರು. ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಮೂರು ದಿನದಿಂದ ಅದೇ ಕಾರಿನ ಪಕ್ಕ ಸೈಕಲ್ ನಿಲ್ಲಿಸುತ್ತಿದ್ದ ಮನುಷ್ಯ ಅವರು.

ಆಮೇಲೆ ತಾವಾಗಿಯೇ ಒಂದು ವಿಷಯ ಹೇಳಿದರು. ಸೋಮವಾರ ಸಂಜೆ ತಾವು ಬೋರ್ಡಣ್ಣನನ್ನು ಹಿಡಿದದ್ದೇನೋ ನಿಜ, ಆದರೆ ಹಿಡಿಯುವುದಕ್ಕೆ ಮುಂಚೆ ಅವನು ಠಾಣೆಯ ಮುಂದೆಯೇ ಸುತ್ತು ಹಾಕುತ್ತಿದ್ದನಂತೆ. ಮೊದಲ ಸಲ ಇವರು ಚಹಾ ಕುಡಿಯುತ್ತಿದ್ದರು, ನೋಡಲಿಲ್ಲ. ಎರಡನೇ ಸಲ ಅವನೇ ಹಾರ್ನ್ ಮಾಡಿದನಂತೆ.

"ಗೆಳೆಯ ಅಂತ ಕೈ ಬೀಸ್ದೆ" ಅಂದರು. "ಮೂರನೇ ಸಲ ಪ್ಲೇಟ್ ಇಲ್ಲದ್ದು ಕಾಣಿಸ್ತು. ಕಂಡ ಮೇಲೆ ಬಿಡೋಕಾಗುತ್ತಾ ಮೇಡಂ?"

ಇಬ್ಬರ ಸ್ನೇಹ ಹಳೆಯದು. ಠಾಣೆಯ ಹಿಂದಿನ ಬೀದಿಯಲ್ಲೇ ಬೋರ್ಡಣ್ಣನ ತಗಡಿನ ಶೆಡ್ಡು. ಇವರು ರಸೀದಿ ಹರಿಯುವುದು, ಅವನು ಬಣ್ಣ ಬಳಿಯುವುದು. ಅಕ್ಷರ ಅಳಿಸಿದೆ ಎಂದು ದಂಡ ತೆತ್ತವರು ಇಲ್ಲಿಂದ ನೇರ ಅಲ್ಲಿಗೆ ಹೋಗಿ ಹೊಸ ನಂಬರ್ ಬರೆಸಿಕೊಳ್ಳುತ್ತಿದ್ದರು. ಅರ್ಧ ಊರಿನ ವಾಹನಗಳ ಮೇಲೆ ಅವನ ಕೈಬರಹವಿದೆ, ನನ್ನ ಹಳೆಯ ಬಿಳಿ ಕಾರಿನ ಮೇಲೂ. ಈಗ ಕಾರ್ಖಾನೆಯಲ್ಲಿ ಅಚ್ಚೊತ್ತಿದ ಪ್ಲೇಟೇ ಆಗಬೇಕೆಂದು ಕಾನೂನು ಬಂದಿದೆ. ವರ್ಷದ ಕೊನೆಯೇ ಗಡುವು. ಕೆಲವರು ಹಳೆಯದನ್ನು ಬಿಚ್ಚಿ, ಹೊಸದು ಕೈಗೆ ಬರುವ ತನಕ ಬೋಳು ಗಾಡಿಯನ್ನೇ ಓಡಿಸುತ್ತಿದ್ದಾರೆ. ಬೋರ್ಡಣ್ಣನ ಕುಂಚ ಒಣಗಿತು.

ಮತ್ತೊಮ್ಮೆ ಬಗ್ಗಿದೆ. ಬೆಳ್ಳಗಿನ ಜಾಗದ ಎರಡು ಬದಿಯಲ್ಲಿ ಎರಡು ತೂತು. ಎರಡರಲ್ಲೂ ಸ್ಕ್ರೂ ಇತ್ತು. ವಾಷರ್ ಸಮೇತ, ಬಿಗಿಯಾಗಿ, ನೆಟ್ಟಗೆ. ಮುಂದಿನ ಬಂಪರಿನಲ್ಲೂ ಹಾಗೆಯೇ. ಪ್ಲೇಟ್ ಬಿಚ್ಚಿಕೊಂಡವರು ಸ್ಕ್ರೂಗಳನ್ನು ಅವುಗಳ ತೂತಿಗೇ ತಿರುಗಿಸಿ ಹೋಗಿದ್ದರು. ಕಳ್ಳರಿಗೆ ಇಷ್ಟು ಪುರುಸೊತ್ತು ಇರುವುದಿಲ್ಲ.

ಮುಂದಿನ ಬಂಪರಿನಲ್ಲಿ ಒಂದು ಗೀರೂ ಇರಲಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬೋರ್ಡಣ್ಣನ ಜೊತೆ ಮಾತಾಡಬೇಕು ಎಂದೆ. ಹೋಗಿ ಎಂದರು. ಹೋಗುವ ಮೊದಲು ಇನ್ನೊಂದು ಸುದ್ದಿ ಕೊಟ್ಟರು. ಅಂಚೆಯ ಹೆಂಗಸು ಬೆಳಿಗ್ಗೆ ಕಣ್ಣು ಬಿಟ್ಟಿದ್ದಾಳೆ. ಮಾತು ಇನ್ನೂ ಇಲ್ಲ, ಸಂಜೆಯೊಳಗೆ ಬರಬಹುದು ಎಂದಿದ್ದಾರೆ ಡಾಕ್ಟರು. ಕಾರು ಎದುರಿನಿಂದ ಬಂದದ್ದರಿಂದ ಓಡಿಸುತ್ತಿದ್ದವರ ಮುಖ ಅವಳೊಬ್ಬಳೇ ನೋಡಿರುವುದು. ತನಿಖೆಯವರು ಸಂಜೆ ಅಲ್ಲಿಗೇ ಹೋಗುತ್ತಾರೆ.

"ಆಸ್ಪತ್ರೆ ಎಲ್ಲಿ ಬರುತ್ತೆ?"

"ಸೇತುವೆ ದಾಟಿ ಎಡಕ್ಕೆ. ಬಲಕ್ಕೆ ಹೋದ್ರೆ ಹೆದ್ದಾರಿ."

ಈ ಒಳ್ಳೆಯ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ನನ್ನಿಂದಾಗಲಿಲ್ಲ. ಕಾಂಪೌಂಡಿನ ಹೊರಗೆ, ಮರದ ನೆರಳಿನಲ್ಲಿ ನಿಲ್ಲಿಸಿದ್ದ ನನ್ನ ಕಾರಿನ ಹತ್ತಿರ ಹೋಗಿ ಕಿಟಕಿಯಲ್ಲಿ ಬಗ್ಗಿ ಬೋರ್ಡಣ್ಣನ ತಂಗಿಗೆ ಎಲ್ಲವನ್ನೂ ಹೇಳಿದೆ. ಧೂಳಿನ ವಿಷಯ, ಅಂಚೆಯ ಹೆಂಗಸು ಕಣ್ಣು ಬಿಟ್ಟ ವಿಷಯ, ಸಂಜೆಯೊಳಗೆ ಗುದ್ದಿದವರ ಗುರುತು ಸಿಕ್ಕಿಬಿಡಬಹುದು ಎಂಬ ವಿಷಯ.

"ನಿಮ್ಮಣ್ಣ ನಾಳೆ ಮನೆಗೆ ಬರ್ತಾರೆ ನೋಡ್ತಿರು" ಅಂದೆ.

ಅವಳು ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ಒಳ್ಳೇದಾಯ್ತು ಅಕ್ಕ" ಅಂದಳು. ಕೈ ತಣ್ಣಗಿತ್ತು. ನೆರಳಿನಲ್ಲಿ ಕೂತಿದ್ದಾಳಲ್ಲ, ಅದಕ್ಕೆ ಎಂದುಕೊಂಡೆ. ಒಳಗೆ ಬಂದು ಅಣ್ಣನನ್ನು ನೋಡು ಎಂದರೆ ಇವತ್ತೂ ಒಲ್ಲೆ ಎಂದಳು. ಇಷ್ಟು ವರ್ಷ ಆದ ಮೇಲೆ ಕಂಬಿಯ ಹಿಂದೆ ನೋಡಲಾರೆ ಎನ್ನುವುದು ಅವಳ ಮಾತು.

ಈ ತಂಗಿಯ ಬಗ್ಗೆ ಒಂದೆರಡು ಮಾತು ಹೇಳಬೇಕು. ಶಾಲೆಯ ಸಮವಸ್ತ್ರ ಹೊಲಿಯುವವಳು, ಒಂಟಿ. ಅಣ್ಣನ ಜೊತೆ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಕಾರಣ ಕೇಳಿದರೆ ಯಾರಾದರೂ ನಗಬಹುದು. ಅವರಪ್ಪ ಅಂಗಡಿಗೆ ಬೋರ್ಡು ಬರೆಸಿದಾಗ 'ತಂದೆ ಮತ್ತು ಮಗ' ಎಂದು ಬರೆಸಿದರು. ಅಪ್ಪ ಹೋದ ಮೇಲಾದರೂ ಅಣ್ಣ ಅದನ್ನು ತಿದ್ದುತ್ತಾನೆಂದು ಇವಳು ಕಾದಳು. ಊರಿನ ಬೋರ್ಡುಗಳನ್ನೆಲ್ಲ ತಿದ್ದಿದವನು ತನ್ನ ಅಂಗಡಿಯದನ್ನು ತಿದ್ದಲಿಲ್ಲ. ಇದನ್ನು ಹೇಳುವಾಗ ಅವಳು ನಕ್ಕಳು, ನನಗೆ ನಗು ಬರಲಿಲ್ಲ.

ನಾನು ಇಸ್ತ್ರಿ ಅಂಗಡಿಯ ಮೇಲಿನ ಒಂದೂವರೆ ಕೋಣೆಯಲ್ಲಿ ಇರುವವಳು. ಅರ್ಧ ಕೋಣೆ ಆಫೀಸು, ಒಂದು ಕೋಣೆ ಮನೆ. ಗಂಡನೆಂಬುವನು ಹೋಗಿ ಬಹಳ ಕಾಲವಾಯಿತು, ಸತ್ತದ್ದಲ್ಲ, ಹೋದದ್ದು. ಅಲ್ಲಿಂದೀಚೆಗೆ ನನ್ನನ್ನು ಎಲ್ಲರೂ ಮೇಡಂ ಎನ್ನುತ್ತಾರೆ. ಮೇಡಂ ಎನ್ನುವವರು ಕೆಲಸ ಮುಗಿದ ಮೇಲೆ ಎದ್ದು ಹೋಗುತ್ತಾರೆ. ಇವಳು ಮೊದಲ ದಿನವೇ ಅಕ್ಕ ಎಂದಳು. ಊರಾಚೆಯ ಮನೆಗೆ ದಿನಾ ಹೋಗಿ ಬರುವುದು ಕಷ್ಟ ಎಂದದ್ದಕ್ಕೆ ನನ್ನಲ್ಲೇ ಉಳಿ ಎಂದೆ. ಎದ್ದು ಹೋಗಲಿಲ್ಲ, ಉಳಿದಳು. ಮಾರನೆಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಸಿಂಕಿನಲ್ಲಿದ್ದ ನನ್ನ ಒಂದೇ ಒಂದು ಲೋಟ ತೊಳೆದು ಬೋರಲು ಹಾಕಿತ್ತು. ಅದನ್ನು ಎತ್ತಿಕೊಂಡು ಅದರಲ್ಲೇ ಕಾಫಿ ಬಗ್ಗಿಸಿಕೊಂಡೆ. ಇನ್ನೊಬ್ಬರು ತೊಳೆದ ಲೋಟದಲ್ಲಿ ಕಾಫಿ ಕುಡಿದು ಎಷ್ಟು ಕಾಲವಾಗಿತ್ತೋ.

ಅವಳಿಗೆ ಡ್ರೈವಿಂಗ್ ಬಾರದು, ಬಸ್ಸೇ ಗತಿ. ಹಾಗಂತ ಹೇಳಿದ್ದಳು. ನನ್ನ ಕಾರಿನಲ್ಲಿ ಪಕ್ಕ ಕೂತರೆ ಸಿಗ್ನಲ್ ಹತ್ತಿರ ಬಂದಾಗಲೆಲ್ಲ, ನಾನು ಬ್ರೇಕ್ ಒತ್ತುವ ಮೊದಲೇ ತನ್ನ ಬಲಗಾಲನ್ನು ನೆಲಕ್ಕೆ ಒತ್ತುತ್ತಿದ್ದಳು. "ನನ್ನ ಡ್ರೈವಿಂಗ್ ಅಷ್ಟು ಕೆಟ್ಟದಾ?" ಎಂದು ರೇಗಿಸಿದ್ದೆ. ಅವಳೂ ನಕ್ಕಿದ್ದಳು. ಅಣ್ಣನ ಶೆಡ್ಡಿನ ಬೀಗದ ಕೈ ಅವಳ ಹತ್ತಿರವೇ ಇತ್ತು. ಒಮ್ಮೆ ನೋಡೋಣವೇ ಎಂದಿದ್ದಕ್ಕೆ, ಅಲ್ಲೇನಿದೆ ಅಕ್ಕ, ಟಾರ್ಪಾಲಿನ ಕೆಳಗೆ ಹಳೇ ಬೋರ್ಡುಗಳು ಅಷ್ಟೇ ಎಂದಳು. ಆಗ ನನ್ನ ಕೈಯಲ್ಲಿ ಅವಳು ಮಾಡಿದ ಕಾಫಿ ಇತ್ತು. ನಂಬಿದೆ.

ಠಾಣೆಯ ಒಳಗಿನ ಕೋಣೆಯಲ್ಲಿ ಒಂದು ಬೆಂಚು, ಒಂದು ಮೇಜು, ಅಂಗಳಕ್ಕೆ ತೆರೆದ ಒಂದು ಕಿಟಕಿ. ಬೋರ್ಡಣ್ಣ ಬೆಂಚಿನ ತುದಿಯಲ್ಲಿ ಕೂತು ಎದುರು ಗೋಡೆಯ ಮೇಲಿನ 'ಎಚ್ಚರಿಕೆ' ಎಂಬ ಫಲಕವನ್ನು ನೋಡುತ್ತಿದ್ದ. ಎತ್ತರದ ಮನುಷ್ಯ, ಉಗುರುಗಳ ಸಂದಿಯಲ್ಲಿ ಇನ್ನೂ ಕಪ್ಪು ಬಣ್ಣ.

"ಇದನ್ನ ಬರೆದವನಿಗೆ ಅವತ್ತು ಜ್ವರ ಇತ್ತು ಮೇಡಂ" ಅಂದ. "ಅಕ್ಷರ ನಡುಗಿದೆ ನೋಡಿ. ನಿಮ್ಮ ಗಾಡಿ ಹೇಗಿದೆ? ಅದರ ಎಂಟಕ್ಕೆ ಸೊಂಟ ಸರಿಯಾಗಿ ಬಂದಿರಲಿಲ್ಲ. ಒಂದ್ಸಲ ತನ್ನಿ, ತಿದ್ದಿಕೊಡ್ತೀನಿ."

ಜನರ ಮುಖ ಅವನಿಗೆ ನೆನಪಿರುವುದಿಲ್ಲ, ನಂಬರು ಮಾತ್ರ ಮರೆಯುವುದಿಲ್ಲ. ತಿದ್ದಿಸಬೇಕಾದರೆ ನಾಳೆಯಿಂದ ಜೈಲಿನ ಬಾಗಿಲಿಗೆ ತರಬೇಕಾಗುತ್ತದಲ್ಲ ಎಂದೆ. ಅದಕ್ಕೂ ಅವನು ನಕ್ಕ.

ನಡೆದದ್ದನ್ನು ಇನ್ನೊಮ್ಮೆ ಹೇಳಿಸಿದೆ. ಪೊಲೀಸರಿಗೆ ಹೇಳಿದ್ದನ್ನೇ ಹೇಳಿದ, ಒಂದು ಪದ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಿಸಿಲು ಕಣ್ಣಿಗೆ ಹೊಡೆಯಿತು, ಸೈಕಲ್ ಅಡ್ಡ ಬಂತು, ಗುದ್ದಿದೆ, ಹೆದರಿ ಬಂದುಬಿಟ್ಟೆ. ನಿಜವಾಗಿ ನಡೆದದ್ದನ್ನು ಯಾರೂ ಎರಡು ಸಲ ಒಂದೇ ಥರ ಹೇಳುವುದಿಲ್ಲ.

"ನಂಬರ್ ಪ್ಲೇಟ್ ಏನಾಯ್ತು?"

"ಎಲ್ಲೋ ಬಿದ್ದುಹೋಗಿರಬೇಕು."

"ಮುಂದಿಂದೂ ಹಿಂದಿಂದೂ ಒಟ್ಟಿಗೇ? ಮಾತಾಡಿಕೊಂಡು ಬಿದ್ದವಾ?"

ಅವನು ಉಗುರಿನ ಸಂದಿಯ ಬಣ್ಣ ಕೆರೆದ.

"ಬೀಳೋ ಮುಂಚೆ ಸ್ಕ್ರೂ ಬಿಚ್ಚಿ, ಬಿದ್ದ ಮೇಲೆ ಸ್ಕ್ರೂನ ತೂತಿಗೇ ವಾಪಸ್ ಹಾಕಿ ಬಿಗಿ ಮಾಡಿದ್ದಾವೆ ಬೋರ್ಡಣ್ಣ. ಬುದ್ಧಿವಂತ ಪ್ಲೇಟುಗಳು."

ಅವನು ತನ್ನ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ಬೇರೆ ಯಾರದೋ ಕೈಗಳು ಎಂಬಂತೆ ನೋಡಿದ. ಆಮೇಲೆ ತಲೆಯಾಡಿಸಿದ.

"ಅದು ಅಭ್ಯಾಸ ಮೇಡಂ. ಕೈ ತಾನಾಗೇ ಮಾಡುತ್ತೆ. ಬಿಚ್ಚಿದ ಸ್ಕ್ರೂ ಜೇಬಿಗೆ ಹೋಗಬಾರದು, ಅದರ ತೂತಿಗೇ ಹೋಗಬೇಕು. ನಮ್ಮಪ್ಪನ ಕಟ್ಟಳೆ. ಒಂದು ಸ್ಕ್ರೂ ಕಳೆದ್ರೂ ಆ ದಿನ ಊಟ ಇಲ್ಲ, ಇಬ್ಬರಿಗೂ."

"ಇಬ್ಬರು ಅಂದ್ರೆ?"

ಬೋರ್ಡಣ್ಣ ಕುಡಿಯಲು ನೀರು ಕೇಳಿದ. ತಂದುಕೊಟ್ಟೆ. ಕುಡಿದು ಮುಗಿಸುವ ತನಕ ಕಾದೆ, ಅವನು ಲೋಟವನ್ನೇ ನೋಡುತ್ತಾ ಕೂತ. ಜೊತೆಗೆ ಕೆಲಸ ಕಲಿತ ಯಾವನೋ ಇದ್ದಿರಬೇಕು, ಆಮೇಲೆ ತಂಗಿಯನ್ನು ಕೇಳಿದರೆ ತಿಳಿಯುತ್ತದೆ ಎಂದು ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಬದಲಿಗೆ ಧೂಳಿನ ವಿಷಯ ಎತ್ತಿದೆ. ನೀವು ಆ ರಸ್ತೆಗೆ ಹೋದದ್ದು ನಿಜ, ಆದರೆ ಹೋದಾಗ ನಿಮ್ಮ ಕಾರಿಗೆ ಪ್ಲೇಟ್ ಇತ್ತು. ಗುದ್ದಿದ ಕಾರಿಗೆ ಇರಲಿಲ್ಲ. ನೀವು ಹೋದದ್ದು ಅಪಘಾತ ಆದ ಮೇಲೆ. ಯಾರೋ ಕರೆದರು, ಹೋಗಿ ನೋಡಿದಿರಿ, ವಾಪಸ್ ಬಂದು ನಿಮ್ಮ ಪ್ಲೇಟ್ ನೀವೇ ಬಿಚ್ಚಿದಿರಿ, ರಸೀದಿ ಮಾವನ ಕಣ್ಣಿಗೆ ಬೀಳುವ ತನಕ ಠಾಣೆಯ ಮುಂದೆ ಸುತ್ತಿದಿರಿ.

ಅವನು ಇಲ್ಲವೆನ್ನಲಿಲ್ಲ. ಸುಳ್ಳು ಹೇಳುವುದರಲ್ಲಿ ಅವನಿಗೆ ಅನುಭವ ಸಾಲದು. ಜೀವಮಾನವಿಡೀ ಇದ್ದ ನಂಬರನ್ನು ಇದ್ದ ಹಾಗೆ ಬರೆದವನು.

"ಯಾರನ್ನ ಉಳಿಸ್ತಿದ್ದೀರಿ?"

"ಬಿಡಿ ಮೇಡಂ."

"ಬಿಡೋಕಾಗಲ್ಲ. ಪ್ಲೇಟ್ ಬಿಚ್ಚಿದ್ದಕ್ಕೆ ದಂಡ ಕಟ್ಟಿ ನಾಳೆ ಮನೆಗೆ ಹೋಗಬಹುದು ನೀವು. ಅದು ಬಿಟ್ಟು ಇನ್ನೊಬ್ಬರ ಪಾಪ ತಲೆ ಮೇಲೆ ಹಾಕ್ಕೊಂಡು ಒಳಗೆ ಕೂರ್ತೀನಿ ಅಂದ್ರೆ? ಸುಳ್ಳು ಒಪ್ಪಿಕೊಳ್ಳೋದೂ ತಪ್ಪೇ, ಅದಕ್ಕೂ ಶಿಕ್ಷೆ ಇದೆ."

"ಮನೆಗೆ ಹೋಗಿ ಏನ್ ಮಾಡ್ಲಿ?"

ಇದನ್ನು ಅವನು ಸಿಟ್ಟಿನಿಂದ ಕೇಳಲಿಲ್ಲ. ನನ್ನಿಂದ ಉತ್ತರ ಬಂದರೂ ಬರಬಹುದು ಎಂಬಂತೆ ಕೇಳಿದ.

"ಮನೇಲಿ ನಾನು ಮಾತಾಡಿದ್ರೆ ನನಗೊಬ್ಬನಿಗೇ ಕೇಳಿಸೋದು. ಕೆಲಸ ಇತ್ತು, ಬಂದವರು ನಾಲ್ಕು ಮಾತಾಡಿ ಹೋಗ್ತಿದ್ರು. ಅದೂ ಹೋಯ್ತು. ಇಲ್ಲಿ ಬೆಳಿಗ್ಗೆ ಒಬ್ಬರು ಬಂದು ಎದ್ರಾ ಬೋರ್ಡಣ್ಣ ಅಂತಾರೆ. ಊಟ ಆಯ್ತಾ ಅಂತಾರೆ. ಒಳಗಿದ್ರೂ ಒಂದೇ, ಹೊರಗಿದ್ರೂ ಒಂದೇ ನನಗೆ. ಅವ... ಹೊರಗಿರಬೇಕಾದವರು ಹೊರಗಿರಲಿ."

ಒಂಟಿತನದ ಲೆಕ್ಕವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಮಾಧಾನಕ್ಕೆಂದು, ಹೇಳಬಾರದೆಂದು ಮಾತು ಕೊಟ್ಟಿದ್ದನ್ನು ಹೇಳಿಬಿಟ್ಟೆ.

"ಯಾರೂ ಇಲ್ಲ ಅನ್ನಬೇಡಿ. ನನ್ನನ್ನ ಕಳಿಸಿದ್ದು ನಿಮ್ಮ ತಂಗಿ. ಮೂರು ದಿನದಿಂದ ಹೊರಗೆ ನನ್ನ ಕಾರಲ್ಲಿ ಕೂತು ಕಾಯ್ತಿದ್ದಾಳೆ."

ಅವನ ಮುಖದ ಮೇಲೆ ಮೊದಲು ಬಂದದ್ದು ಸಂತೋಷ, ಅದು ಖಂಡಿತ. ಅದರ ಹಿಂದೆಯೇ ಬಂದದ್ದು ಏನೆಂದು ನನಗೆ ಆ ಕ್ಷಣಕ್ಕೆ ತಿಳಿಯಲಿಲ್ಲ.

"ಇಲ್ಲಿ? ಠಾಣೆ ಹತ್ರಾನಾ?"

"ಗೇಟಿನ ಹೊರಗೆ."

"ಅವಳನ್ನ ಮನೆಗೆ ಕಳಿಸಿ ಮೇಡಂ. ಇಲ್ಲಿ ಕೂರಿಸಬೇಡಿ. ಒಬ್ಬಳನ್ನೇ ಬಿಡಬೇಡಿ."

ಅಣ್ಣನ ಕರುಳು ಎಂದುಕೊಂಡೆ. ಕೂಡಲೇ ಕರೆದುಕೊಂಡು ಹೋಗುತ್ತೇನೆಂದು ಹೇಳಿ ಎದ್ದೆ. ನಾಳೆ ಜಡ್ಜ್ ಮುಂದೆ ಬಾಯಿ ಬಿಡಬೇಡಿ, ಧೂಳು ನಿಮ್ಮ ಪರವಾಗಿ ಮಾತಾಡುತ್ತದೆ ಎಂದೆ. ಕೋಣೆಯಿಂದ ಹೊರಬರುವಾಗ ಮನಸ್ಸು ಹಗುರವಾಗಿತ್ತು. ಸಂಜೆ ಇಬ್ಬರಿಗೂ ಸೇರಿ ಏನು ಅಡುಗೆ ಮಾಡಿಸುವುದು ಎಂದು ಯೋಚಿಸುತ್ತಾ ಅಂಗಳ ದಾಟಿದೆ. ಮಾಡಿಸುವುದು ಎಂದೇ ಯೋಚಿಸಿದೆ. ಮೂರು ದಿನದಲ್ಲಿ ಅಷ್ಟು ಸಲಿಗೆ ಬೆಳೆದಿತ್ತು.

ಕಾರು ನಾನು ನಿಲ್ಲಿಸಿದಲ್ಲೇ ಇತ್ತು. ಒಳಗೆ ಯಾರೂ ಇರಲಿಲ್ಲ.

ಅವಳ ಶಾಲನ್ನು ಅಚ್ಚುಕಟ್ಟಾಗಿ ಮಡಚಿ ಸೀಟಿನ ಮೇಲೆ ಇಟ್ಟಿತ್ತು. ಅದರ ಪಕ್ಕ, ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ನಾನು ಯಾವಾಗಲೂ ಇಟ್ಟುಕೊಳ್ಳುವ ಸ್ಕ್ರೂಡ್ರೈವರ್. ಚಹಾದ ಅಂಗಡಿಗೆ ಹೋಗಿರಬಹುದು ಎಂದು ಆಚೆ ಈಚೆ ನೋಡಿದೆ. ಸ್ಕ್ರೂಡ್ರೈವರ್ ಏಕೆ ಹೊರಗೆ ಬಂತು ಎಂಬ ಪ್ರಶ್ನೆ ನಿಧಾನವಾಗಿ ತಲೆಗೆ ಹತ್ತಿತು.

ಕಾರಿನ ಮುಂದೆ ಹೋದೆ. ನಂಬರ್ ಪ್ಲೇಟ್ ಇರಲಿಲ್ಲ. ಹಿಂದೆ ಹೋದೆ. ಅಲ್ಲೂ ಇರಲಿಲ್ಲ.

ಎರಡು ತೂತು. ಎರಡು ಸ್ಕ್ರೂ. ವಾಷರ್ ಸಮೇತ, ಬಿಗಿಯಾಗಿ, ನೆಟ್ಟಗೆ.

ಒಂದು ಸ್ಕ್ರೂ ಕಳೆದರೂ ಊಟ ಇಲ್ಲ, ಇಬ್ಬರಿಗೂ. ಆ ಇಬ್ಬರಲ್ಲಿ ಒಬ್ಬ ನನ್ನ ಬೆನ್ನ ಹಿಂದೆ, ಕಾವಲಿನಲ್ಲಿ ಕೂತಿದ್ದ. ಅಪ್ಪ ಕೆಲಸ ಕಲಿಸಿದ್ದು ಇಬ್ಬರು ಮಕ್ಕಳಿಗೆ, ಬೋರ್ಡಿನಲ್ಲಿ ಬರೆಸಿದ್ದು ಒಬ್ಬನನ್ನು. ನೆಲಕ್ಕೆ ಒತ್ತುತ್ತಿದ್ದ ಆ ಬಲಗಾಲು, ಟಾರ್ಪಾಲಿನ ಕೆಳಗಿನ ಹಳೇ ಬೋರ್ಡುಗಳು, ಹಿಂದಿನ ಬೀದಿಯ ಶೆಡ್ಡಿನ ಬೀಗದ ಕೈ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಆ ಗಾದೆ ನನಗೆಂದೇ ಹುಟ್ಟಿದ್ದು. ಟಾರ್ಪಾಲಿನ ಕೆಳಗೆ ಬಚ್ಚಿಟ್ಟಿದ್ದ ಅವಳ ಬೋಳು ಕಾರು, ಸೋಮವಾರ ಅಂಚೆಯ ಹೆಂಗಸಿಗೆ ಗುದ್ದಿದ್ದು, ಈಗ ನನ್ನ ನಂಬರ್ ಹೊತ್ತು ಎಲ್ಲೋ ಓಡುತ್ತಿತ್ತು. ಅದು ಮಾಡುವುದೆಲ್ಲ ನನ್ನ ಹೆಸರಿಗೆ.

ಕಾನೂನಿಗಿಂತ ಮೊದಲು ನನಗೆ ನೆನಪಾದದ್ದು ಮಾತ್ರ ಆ ಬೋರಲು ಹಾಕಿದ ಲೋಟ. ಅದು ಸುಳ್ಳಾಗಿತ್ತೇ? ಹೌದೆನ್ನಲು ಮನಸ್ಸು ಒಪ್ಪಲಿಲ್ಲ.

"ಮೇಡಂ."

ರಸೀದಿ ಮಾವ ಗೇಟಿನಿಂದ ಬೇಗ ಬೇಗ ಬರುತ್ತಿದ್ದರು. ಬಂದವರು ನನ್ನ ಕಾರಿನ ಮುಂದೆ ನಿಂತರು, ಹಿಂದೆ ಹೋಗಿ ನೋಡಿದರು, ಮತ್ತೆ ಮುಂದೆ ಬಂದರು. ರಸೀದಿ ಪುಸ್ತಕ ಕಂಕುಳಲ್ಲೇ ಇತ್ತು, ಅದನ್ನು ತೆಗೆಯಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೆ.

"ನಿಮ್ಮ ನಂಬರ್ ಪ್ಲೇಟ್ ಎಲ್ಲಿ?"

ಒಂದು ಮಾತು ಸಾಕಿತ್ತು. ತಂಗಿ ತೆಗೆದುಕೊಂಡು ಹೋದಳು ಎಂದರೆ ಬೋರ್ಡಣ್ಣ ಇವತ್ತೇ ಹೊರಗೆ ಬರುತ್ತಿದ್ದ, ನಾನು ಗೆದ್ದ ಪತ್ತೇದಾರಿಣಿಯಾಗುತ್ತಿದ್ದೆ, ಸಂಜೆ ನನ್ನ ಒಂದೂವರೆ ಕೋಣೆಗೆ ಒಬ್ಬಳೇ ಹೋಗುತ್ತಿದ್ದೆ. ಆ ಮಾತು ನಾಲಿಗೆಯ ತುದಿಯಲ್ಲಿತ್ತು. ಬಾಯಿ ತೆರೆದಾಗ ಬಂದದ್ದು ಬೇರೆ.

"ಎಲ್ಲೋ ಬಿದ್ದುಹೋಗಿರಬೇಕು" ಅಂದೆ.

ಅವರು ನನ್ನನ್ನು ನೋಡಿದ ರೀತಿಯನ್ನು ಮರೆಯಲಾರೆ. ಅದೇ ಮಾತನ್ನು ಸೋಮವಾರ ಸಂಜೆ ಹಳೆಯ ಗೆಳೆಯನ ಬಾಯಿಂದ ಕೇಳಿದ್ದವರು ಅವರು.

"ವೈರ್‌ಲೆಸ್‌ನಲ್ಲಿ ಈಗ ತಾನೇ ಬಂತು" ಎಂದರು. "ಬಿಳಿ ಕಾರು, ನಿಮ್ಮದೇ ನಂಬರು. ಸೇತುವೆ ಹತ್ರ ಕಾಗದ ಪತ್ರ ನೋಡೋಕೆ ಕೈ ಅಡ್ಡ ಹಿಡಿದಿದ್ದಾರೆ, ನಿಲ್ಲಿಸಿಲ್ಲ. ಅಡ್ಡ ಇಟ್ಟಿದ್ದ ಗಳ ಮುರ್ಕೊಂಡು ಹೋಗಿದೆ. ಓಡಿಸ್ತಿದ್ದದ್ದು ಹೆಂಗಸು. ನಾನು ನೀವೇ ಅಂದ್ಕೊಂಡು ಓಡಿ ಬಂದೆ. ನೀವು ನೋಡಿದ್ರೆ ಇಲ್ಲೇ ಇದ್ದೀರಿ, ಹೀಗೆ ಹೇಳ್ತಿದ್ದೀರಿ. ಬನ್ನಿ, ಒಳಗೆ ಕೂತ್ಕೊಳ್ಳಿ. ಕಾರಿನ ಕೀ ಕೊಡಿ."

ಕೊಟ್ಟೆ. ಕೊಡುವಾಗ ಒಂದೇ ಪ್ರಶ್ನೆ ಕೇಳಿದೆ. ಹೆದ್ದಾರಿ ಹಿಡಿದಳೇ ಎಂದು.

"ಇಲ್ಲ. ಸೇತುವೆ ದಾಟಿ ಎಡಕ್ಕೆ, ಆಸ್ಪತ್ರೆ ಕಡೆ ತಿರುಗಿದೆಯಂತೆ."

ಒಳಗಿನ ಕೋಣೆಯಲ್ಲಿ ಬೋರ್ಡಣ್ಣ ಕಿಟಕಿಯ ಹತ್ತಿರ ನಿಂತಿದ್ದ. ಅಂಗಳದಲ್ಲಿ ನಾವು ಮಾತಾಡುತ್ತಾ ಬಂದದ್ದು ಅವನಿಗೆ ಕೇಳಿಸಿತ್ತು. ನನ್ನನ್ನು ಕೂರಿಸಲು ಕಾನ್‌ಸ್ಟೇಬಲ್ ಬೆಂಚು ತೋರಿಸಿದ. ಬೋರ್ಡಣ್ಣ ಬಂದು ತಾನೂ ಕೂತ, ಸ್ವಲ್ಪ ಸರಿದು ನನಗೆ ಜಾಗ ಮಾಡಿಕೊಟ್ಟ.

"ಅವಳು ನಿಮ್ಮನ್ನ ಅಕ್ಕ ಅಂದ್ಲಾ?" ಎಂದು ಕೇಳಿದ.

ಹೌದೆಂದು ತಲೆಯಾಡಿಸಿದೆ.

"ಎಡಕ್ಕೇ ಹೋದ್ಲಾ? ಸರಿಯಾಗಿ ಕೇಳಿಸ್ಕೊಂಡ್ರಾ?"

ಹೌದೆಂದೆ. ಅವನು ಬಣ್ಣ ಮೆತ್ತಿದ ಕೈಗಳಿಂದ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ. ಮೂರು ದಿನದಲ್ಲಿ ಅವನು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಬಲಕ್ಕೆ ಹೋಗಿದ್ರೆ ಚೆನ್ನಾಗಿತ್ತು ಮೇಡಂ" ಅಂದ ಬೋರ್ಡಣ್ಣ.